ಮನೆಯಲ್ಲೇ ಹೀಮೋಡಯಾಲಿಸಿಸ್: ಮೆಲ್ಬರ್ನ್‌ನ ಒಂದು ಕನ್ನಡ ಕುಟುಂಬದ ಪ್ರಕರಣ

ಹಾಸನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಈಗ ಮೆಲ್ಬರ್ನ್‌ನ ಪಶ್ಚಿಮ ಭಾಗದ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ, ಐವತ್ತರ ಆಸುಪಾಸಿನ ಒಬ್ಬರ ಪ್ರಕರಣ ಇದು. ಅವರಿಗೆ ಗೋದಾಮೊಂದರಲ್ಲಿ ಮೇಲ್ವಿಚಾರಕರ ಕೆಲಸ. ಹೆಂಡತಿ ಶಿಶುಪಾಲನಾ ಕೇಂದ್ರದಲ್ಲಿ ದುಡಿಯುತ್ತಾರೆ. ಇಬ್ಬರು ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿದ್ದಾರೆ. ಐಜಿಎ ನೆಫ್ರೋಪತಿ ಎಂಬ ಕಾಯಿಲೆ ಹಲವು ವರ್ಷ ಯಾವ ನೋವನ್ನೂ ಕೊಡದೆ ಅವರ ಎರಡೂ ಮೂತ್ರಪಿಂಡಗಳನ್ನು ಹಾಳುಮಾಡಿತ್ತು. ಎಡ ಮುಂಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಅಪಧಮನಿಯನ್ನು ಅಭಿಧಮನಿಗೆ ಸೇರಿಸಿದ ಜಾಗ) ಮಾಡಿಸಿಕೊಂಡು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ತಾವೇ ಹೀಮೋಡಯಾಲಿಸಿಸ್ (ರಕ್ತವನ್ನು ಯಂತ್ರದ ಮೂಲಕ ಹರಿಸಿ ಶುದ್ಧಗೊಳಿಸುವ ಚಿಕಿತ್ಸೆ) ಮಾಡಿಕೊಳ್ಳಲು ಬಯಸುವವರಿಗೆ ತರಬೇತಿ ಕೊಡುವ ಘಟಕವೊಂದರಲ್ಲಿ ನಾನು ದಾದಿ. ಅವರು ನಮ್ಮ ಘಟಕಕ್ಕೆ ಬಂದಾಗಿನಿಂದ ಮನೆಯಲ್ಲಿ ನೆಲೆಯೂರಿದವರೆಗಿನ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆಯಲ್ಲಿ ಡಯಾಲಿಸಿಸ್ ಎಂದ ಕೂಡಲೇ ನಮ್ಮ ಜನ ಯಂತ್ರದ ಬಗ್ಗೆ ಕೇಳುತ್ತಾರೆ: ಎಷ್ಟು ದೊಡ್ಡದು, ಎಷ್ಟು ಬೆಲೆ, ಕೆಟ್ಟರೆ ಏನು ಗತಿ? ಆಸ್ಟ್ರೇಲಿಯದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಯಂತ್ರವನ್ನು ಆಸ್ಪತ್ರೆಯೇ ಕೊಡುತ್ತದೆ, ರಿಪೇರಿಯೂ ಅದರದೇ. ಈ ಕುಟುಂಬ ಕಷ್ಟಪಟ್ಟಿದ್ದು ಬೇರೆ ಎರಡು ಸಂಗತಿಗಳಲ್ಲಿ. ಒಂದು ನೀರು. ಇನ್ನೊಂದು, ಈ ಕೆಲಸದ ಹೊಣೆ ಯಾರ ಕೈಯಲ್ಲಿರಬೇಕು ಎಂಬುದು. ಎರಡನೆಯದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಕೇಂದ್ರ ಬಿಟ್ಟು ಮನೆಗೆ ಏಕೆ?

ಕೇಂದ್ರದಲ್ಲಿ ಅವರ ಸರದಿ ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ. ಯಂತ್ರದ ಮುಂದೆ ನಾಲ್ಕು ಗಂಟೆ; ಹೋಗಿ ಬರುವ ಹೊತ್ತು, ಕಾಯುವ ಹೊತ್ತು ಬೇರೆ. ಮನೆಗೆ ಮರಳಿದವರು ಸೋಫಾದ ಮೇಲೆ ಒರಗಿದರೆ ಮರುದಿನದವರೆಗೆ ಯಾವುದಕ್ಕೂ ಏಳುತ್ತಿರಲಿಲ್ಲ. ಪಾಳಿ ತಪ್ಪುತ್ತಿತ್ತು, ಸಂಬಳ ಕಡಿತವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಹೆದರಿಸಿದ್ದು ಭಾನುವಾರದ ರಾತ್ರಿಗಳು. ಶುಕ್ರವಾರದ ನಂತರ ಸೋಮವಾರದವರೆಗೆ ಡಯಾಲಿಸಿಸ್ ಇಲ್ಲ. ಭಾನುವಾರ ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದರು.

ಈ ಎರಡು ದಿನಗಳ ಬಿಡುವು ಅವರೊಬ್ಬರ ಭಯವಲ್ಲ. ಅಮೆರಿಕದ ಸುಮಾರು 32,000 ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆಯುವವರಲ್ಲಿ ಆ ದೀರ್ಘ ಬಿಡುವಿನ ಮರುದಿನವೇ ಸಾವುಗಳೂ ಹೃದಯದ ತೊಂದರೆಗಾಗಿ ಆಸ್ಪತ್ರೆ ಸೇರುವುದೂ ಹೆಚ್ಚು ಎಂದು ಅದು ತೋರಿಸಿತು. ಕೇಂದ್ರಗಳು ವಾರದ ಕ್ಯಾಲೆಂಡರಿಗೆ ಕಟ್ಟುಬಿದ್ದಿವೆ; ಹಾಸಿಗೆಗಳ ಲೆಕ್ಕ, ಸಿಬ್ಬಂದಿಯ ಲೆಕ್ಕ ಬಿಟ್ಟು ಅವು ನಡೆಯಲಾರವು. ಮನೆಗೆ ಆ ಕಟ್ಟುಪಾಡಿಲ್ಲ. ದಿನ ಬಿಟ್ಟು ದಿನ ಮಾಡಿಕೊಂಡರೆ ಎರಡು ದಿನಗಳ ಬಿಡುವು ಎಂಬುದೇ ಇರುವುದಿಲ್ಲ.

ಇನ್ನೊಂದು ಲಾಭ ಸಮಯದ್ದು. ತರಬೇತಿಯ ಮೊದಲ ವಾರವೇ ಅವರಿಂದ ಈ ಲೆಕ್ಕ ಮಾಡಿಸಿದೆವು. ಅವರ ಡ್ರೈ ವೇಟ್, ಅಂದರೆ ದೇಹದಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ, 66 ಕಿಲೊ. ಅಂದು ತೂಕ ನೋಡಿದಾಗ 68.4 ಇತ್ತು. 2.4 ಲೀಟರ್ ನೀರು ತೆಗೆಯಬೇಕು; ಕೊನೆಯಲ್ಲಿ ರಕ್ತ ಹಿಂದಿರುಗಿಸುವಾಗ ಒಳಹೋಗುವ ಸಲೈನ್ ಮತ್ತು ಮಧ್ಯದಲ್ಲಿ ಕುಡಿಯುವ ಕಾಫಿ ಸೇರಿ ಇನ್ನರ್ಧ ಲೀಟರ್. ಒಟ್ಟು 2.9 ಲೀಟರ್. ನಾಲ್ಕು ಗಂಟೆಯಲ್ಲಿ ತೆಗೆದರೆ ಗಂಟೆಗೆ 725 ಮಿಲಿಲೀಟರ್, ಅಂದರೆ ದೇಹತೂಕದ ಪ್ರತಿ ಕಿಲೊಗೆ ಗಂಟೆಗೆ ಸುಮಾರು 11 ಮಿಲಿಲೀಟರ್. ಇದು 13 ದಾಟಬಾರದು ಎಂಬುದು ವೈದ್ಯರು ಸಾಮಾನ್ಯವಾಗಿ ಹಾಕಿಕೊಂಡಿರುವ ಗೆರೆ, 10ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಅದೇ ನೀರನ್ನು ಐದು ಗಂಟೆಯಲ್ಲಿ ತೆಗೆದರೆ 9ಕ್ಕಿಂತ ಕಡಿಮೆ, ರಾತ್ರಿ ಎಂಟು ಗಂಟೆ ನಿದ್ದೆಯಲ್ಲಿ ತೆಗೆದರೆ 5.5. ಕೇಂದ್ರದಿಂದ ಬಂದ ಮೇಲೆ ತಮಗೆ ಏಕೆ ಅಷ್ಟು ಸುಸ್ತು, ಏಕೆ ಕಾಲು ಹಿಡಿದುಕೊಳ್ಳುತ್ತದೆ ಎಂಬುದು ಆ ಹಾಳೆ ನೋಡಿ ಅವರಿಗೆ ಅರ್ಥವಾಯಿತು. ಹೃದಯಕ್ಕೂ ರಕ್ತನಾಳಕ್ಕೂ ಹೊಂದಿಕೊಳ್ಳಲು ಸಮಯ ಸಿಕ್ಕುತ್ತಿರಲಿಲ್ಲ.

ಮನೆಯ ಡಯಾಲಿಸಿಸ್ ಹೊಸ ಪ್ರಯೋಗ ಎಂದು ಭಾವಿಸುವವರಿಗೆ ಒಂದು ಮಾತು. ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರ ತಂಡ 1960ರಲ್ಲಿ ದೀರ್ಘಕಾಲದ ಡಯಾಲಿಸಿಸ್ ಸಾಧ್ಯವೆಂದು ತೋರಿಸಿದ ನಾಲ್ಕೇ ವರ್ಷಗಳಲ್ಲಿ, 1964ರಲ್ಲಿ, ಸಿಯಾಟಲ್, ಬಾಸ್ಟನ್, ಲಂಡನ್ ಈ ಮೂರೂ ಕಡೆ ಅದು ಮನೆಗೆ ಹೋಗಿತ್ತು. ಆಸ್ಪತ್ರೆಗಳಲ್ಲಿ ಜಾಗ ಸಾಲದೆ, ಯಾರು ಬದುಕಬೇಕೆಂದು ಸಮಿತಿ ಕುಳಿತು ಆರಿಸುತ್ತಿದ್ದ ಕಾಲ ಅದು. ಸಮಿತಿ ಒಪ್ಪದ ಶಾಲಾ ಬಾಲಕಿಯೊಬ್ಬಳಿಗಾಗಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬ್ಯಾಬ್ ಮತ್ತು ಸಂಗಡಿಗರು ತಿಂಗಳುಗಳೊಳಗೆ ಮನೆಗೊಪ್ಪುವ ಯಂತ್ರ ಕಟ್ಟಿದರು. ನಾವು ಇಂದು ಕಲಿಸುವುದರ ಬೇರು ಅಲ್ಲಿದೆ.

ಕಲಿಯುವವರು ಯಾರು?

ಮೊದಲ ಭೇಟಿಗೆ ದಂಪತಿ ಒಟ್ಟಿಗೆ ಬಂದರು. ಆಕೆಯ ಕೈಯಲ್ಲಿ ಒಂದು ನೋಟ್‌ಬುಕ್, ಪ್ರಶ್ನೆಗಳನ್ನೆಲ್ಲ ಬರೆದುಕೊಂಡಿದ್ದರು. ಗಂಡ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು.

“ಎಲ್ಲವನ್ನೂ ನನಗೆ ಹೇಳಿಕೊಡಿ ಸಿಸ್ಟರ್. ಅವರಿಗೆ ಸೂಜಿ ಕಂಡರೆ ಆಗುವುದಿಲ್ಲ. ನಾನೇ ಚುಚ್ಚುತ್ತೇನೆ, ನಾನೇ ಯಂತ್ರ ನೋಡಿಕೊಳ್ಳುತ್ತೇನೆ” ಎಂದರು ಆಕೆ.

ಅದರಲ್ಲಿ ಪ್ರೀತಿಯಿತ್ತು, ಧೈರ್ಯವಿತ್ತು. ಆದರೂ ನಾನು ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಗಂಡನಿಗೆ ಕಾಯಿಲೆಯಾದರೆ ಮಾತ್ರೆ ಎಣಿಸುವುದರಿಂದ ಹಿಡಿದು ವೈದ್ಯರ ಮುಂದೆ ಮಾತನಾಡುವವರೆಗೆ ಎಲ್ಲವೂ ಹೆಂಡತಿಯ ಪಾಲಿಗೆ ಬೀಳುತ್ತದೆ, ಆಕೆಯೂ ಅದನ್ನು ಕರ್ತವ್ಯವೆಂದೇ ಹೊರುತ್ತಾಳೆ. ಮಾತ್ರೆಯ ಮಟ್ಟಿಗೆ ಅದು ಹೇಗೋ ನಡೆದೀತು. ದಿನ ಬಿಟ್ಟು ದಿನ ಐದೈದು ಗಂಟೆಯ ಕೆಲಸ, ವರ್ಷಗಟ್ಟಲೆ, ಒಬ್ಬರ ರಕ್ತ ಹೊರಗೆ ಹರಿಯುತ್ತಿರುವಾಗ ಇನ್ನೊಬ್ಬರು ಹೊಣೆ ಹೊತ್ತು ಕೂರುವುದು ಹಾಗಲ್ಲ. ಆಕೆಗೆ ಜ್ವರ ಬಂದರೆ ಅಥವಾ ತವರಿಗೆ ಹೋಗಬೇಕಾದರೆ ಚಿಕಿತ್ಸೆಯೇ ನಿಲ್ಲುತ್ತದೆ. ಮನೆಯ ಡಯಾಲಿಸಿಸ್ ಕೈಬಿಟ್ಟು ಕೇಂದ್ರಕ್ಕೆ ಮರಳುವ ಕುಟುಂಬಗಳಲ್ಲಿ ಆರೈಕೆ ಮಾಡುವವರ ದಣಿವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಯಂತ್ರ ಕೆಟ್ಟಿತೆಂದು ಮರಳಿದವರು ನನಗೆ ನೆನಪಿಲ್ಲ.

ಹಾಗಾಗಿ ಒಂದು ಕರಾರು ಮಾಡಿಕೊಂಡೆವು. ತರಬೇತಿ ಗಂಡನಿಗೆ. ಆಕೆ ಕಲಿಯಬೇಕಾದ್ದು ಐದೇ ಸಂಗತಿ: ಯಂತ್ರವನ್ನು ನಿಲ್ಲಿಸುವುದು, ರಕ್ತ ಹರಿಯುವ ಕೊಳವೆಗಳಿಗೆ, ಅಂದರೆ ಲೈನುಗಳಿಗೆ, ಕ್ಲಾಂಪ್ ಹಾಕುವುದು, ರಕ್ತದೊತ್ತಡ ಕುಸಿದರೆ ಕಾಲು ಎತ್ತರಿಸಿ ಸಲೈನ್ ಬಿಡುವುದು, ರಕ್ತ ಸೋರಿದರೆ ಒತ್ತಿ ಹಿಡಿಯುವುದು, ಆಸ್ಟ್ರೇಲಿಯದ ತುರ್ತು ಸಂಖ್ಯೆ 000ಗೆ ಕರೆ ಮಾಡುವುದು. ಆಕೆ ಸ್ವಲ್ಪ ಬೇಸರ ಮಾಡಿಕೊಂಡರು. ಗಂಡನ ಮುಖ ಬಿಳಿಚಿಕೊಂಡಿತು.

ಮನೆ ನೋಡುವುದು

ತರಬೇತಿ ಶುರುವಾಗುವ ಮೊದಲೇ ಮನೆಯನ್ನು ಪರಿಶೀಲಿಸುತ್ತೇವೆ, ಏಕೆಂದರೆ ಕೊಳಾಯಿಯವರು, ವಿದ್ಯುತ್ ಕೆಲಸದವರು ಬಂದು ಮುಗಿಸುವುದಕ್ಕೆ ವಾರಗಳು ಬೇಕು. ಕಲಿತು ಮುಗಿಸಿದವರು ಮನೆ ಸಿದ್ಧವಿಲ್ಲದೆ ಕಾದು ಕುಳಿತರೆ ಕೈ ಮರೆಯುತ್ತದೆ. ನಾನೂ ತಂತ್ರಜ್ಞರೂ ಒಂದು ಬೆಳಿಗ್ಗೆ ಹೋದೆವು.

ಬಾಡಿಗೆ ಮನೆಯಾದ್ದರಿಂದ ಮೊದಲ ತೊಡಕು ಮಾಲೀಕರ ಒಪ್ಪಿಗೆ. ಗೋಡೆ ಕೊರೆಯಬೇಕು, ನೀರಿನ ಕೊಳವೆ ಎಳೆಯಬೇಕು, ಸ್ವಿಚ್‌ಬೋರ್ಡಿನಿಂದ ಪ್ರತ್ಯೇಕ ಸರ್ಕ್ಯೂಟ್ ತರಬೇಕು. ಆಸ್ಪತ್ರೆಯಿಂದ ಪತ್ರ ಹೋಯಿತು: ಕೆಲಸ ಪರವಾನಗಿ ಇರುವವರೇ ಮಾಡುತ್ತಾರೆ, ಖರ್ಚು ನಮ್ಮದು, ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡುತ್ತೇವೆ ಎಂದು. ಮಾಲೀಕರು ಒಪ್ಪಿದರು. ಬಾಡಿಗೆ ಮನೆಯವರಿಗೆ ಇದೆಲ್ಲ ಆಗದ ಮಾತು ಎಂದು ಎಷ್ಟೋ ಜನ ಕೇಳದೆಯೇ ಕೈಚೆಲ್ಲುತ್ತಾರೆ. ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು.

ಎರಡನೆಯದು ಕೋಣೆ. ತಂತ್ರಜ್ಞರು ಮನೆಯನ್ನೆಲ್ಲ ಸುತ್ತಿ, ಬಟ್ಟೆ ಒಗೆಯುವ ಜಾಗಕ್ಕೆ ಗೋಡೆ ಹಂಚಿಕೊಂಡ ಚಿಕ್ಕ ಕೋಣೆಯ ಮುಂದೆ ನಿಂತರು. ಗೋಡೆಯ ಆಚೆಗೆ ನಲ್ಲಿ, ಚರಂಡಿ ಎರಡೂ ಇವೆ; ಕೊಳವೆ ಎರಡು ಮೀಟರೂ ಬೇಕಾಗದು. ಕುರ್ಚಿ, ಯಂತ್ರ, ಅದರ ಪಕ್ಕಕ್ಕೆ ನೀರು ಶುದ್ಧ ಮಾಡುವ ಆರ್‌ಒ, ಕೈಗೆಟುಕುವಷ್ಟು ದೂರದಲ್ಲಿ ಒಂದು ಮೇಜು, ಇಷ್ಟಕ್ಕೆ ಜಾಗ ಸಾಕು. ಆದರೆ ಅದು ಅವರ ದೇವರ ಕೋಣೆ.

ಆ ಮಾತು ನಮ್ಮ ತಪಾಸಣಾ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ, ತಂತ್ರಜ್ಞರಿಗೆ ಅದರ ತೂಕ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಅಂದು ಸಂಜೆ ಹಾಸನದಲ್ಲಿರುವ ಅವರ ತಾಯಿಗೆ ವಿಡಿಯೊ ಕರೆ ಹೋಯಿತು. ದೇವರನ್ನು ಎತ್ತಿ ಆ ಜಾಗದಲ್ಲಿ ರಕ್ತದ ಕೆಲಸ ಮಾಡುವುದೇ ಎಂದು ಅವರು ನೊಂದುಕೊಂಡರಂತೆ. ಬೇರೆ ಕೋಣೆ ನೋಡೋಣ, ಗ್ಯಾರೇಜಿನಲ್ಲಿ ಆಗುತ್ತದೆಯೇ ಎಂಬ ಚರ್ಚೆ ಎರಡು ವಾರ ನಡೆಯಿತು. ಗ್ಯಾರೇಜು ಬೇಡವೆಂದು ನಾವು ಸ್ಪಷ್ಟವಾಗಿ ಹೇಳಿದೆವು: ಮೆಲ್ಬರ್ನ್‌ನ ಚಳಿ, ಬೇಸಿಗೆಯ 40 ಡಿಗ್ರಿ, ದೂಳು, ಮನೆಯ ಒಳಗಿನವರಿಗೆ ಕೂಗು ಕೇಳಿಸದಿರುವುದು. ಕೊನೆಗೆ ತೀರ್ಮಾನ ಮಾಡಿದ್ದು ಆಕೆ. ಒಂದು ಶುಕ್ರವಾರ ಬೆಳಿಗ್ಗೆ ಪೂಜೆ ಮಾಡಿ, ದೀಪ ಹಚ್ಚಿ, ದೇವರ ಮಂಟಪವನ್ನು ನಡುಮನೆಯ ಪೂರ್ವದ ಗೋಡೆಗೆ ಒಯ್ದಿಟ್ಟರು. ಅತ್ತೆ ಫೋನಿನಲ್ಲಿ ನೋಡುತ್ತಿದ್ದರು. ಮನೆಯವರು ತಾವೇ ಒಪ್ಪಿ ಬಿಟ್ಟುಕೊಟ್ಟ ಕೋಣೆಯಲ್ಲಿ ಚಿಕಿತ್ಸೆ ನೆಮ್ಮದಿಯಿಂದ ನಡೆಯುತ್ತದೆ. ಆ ಎರಡು ವಾರ ವ್ಯರ್ಥವಾಯಿತೆಂದು ನಾನು ಭಾವಿಸುವುದಿಲ್ಲ.

ಕೋಣೆಯ ಕಾರ್ಪೆಟ್ ಕಿತ್ತು, ಒರೆಸಬಹುದಾದ ವಿನೈಲ್ ಹಾಸಿದರು. ಯಂತ್ರಕ್ಕೂ ಆರ್‌ಒಗೂ ಪ್ರತ್ಯೇಕ ಸರ್ಕ್ಯೂಟ್ ಎಳೆದು, ಸಣ್ಣ ಸೋರಿಕೆಗೂ ವಿದ್ಯುತ್ ಕಡಿಯುವ ರಕ್ಷಕ ಹಾಕಿದರು. ರಕ್ತನಾಳದಲ್ಲಿ ಸೂಜಿ ಇರುವವರ ಚರ್ಮ ವಿದ್ಯುತ್ತಿಗೆ ಮೊದಲಿನಂತೆ ತಡೆಯೊಡ್ಡಲಾರದು, ಆದ್ದರಿಂದ ಇಲ್ಲಿ ಎಕ್ಸ್‌ಟೆನ್ಷನ್ ಬಾಕ್ಸಿನ ಕೆಲಸ ನಡೆಯುವುದಿಲ್ಲ. ಸಾಮಾನಿನ ವಿಷಯದಲ್ಲಿ ಮಾತ್ರ ಎಲ್ಲರೂ ಬೆಚ್ಚುತ್ತಾರೆ: ರಕ್ತ ಸೋಸುವ ಡಯಾಲೈಸರ್‌ಗಳು, ರಕ್ತದ ಲೈನುಗಳು, ಸಲೈನ್ ಚೀಲಗಳು, ಆಸಿಡ್ ದ್ರಾವಣದ ಕ್ಯಾನುಗಳು, ಬೈಕಾರ್ಬನೇಟ್ ಕಾರ್ಟ್ರಿಜ್‌ಗಳು, ಸೂಜಿ, ಪಟ್ಟಿ. ಒಂದು ತಿಂಗಳ ಸಾಮಾನು ಬಂದಿಳಿದಾಗ ಗೋಡೆಯೊಂದು ಪೂರ್ತಿ ಮುಚ್ಚಿಹೋಯಿತು. ಮಗಳು ಹಳೆಯದು ಮುಂದೆ, ಹೊಸದು ಹಿಂದೆ ಬರುವಂತೆ ಜೋಡಿಸಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕನ್ನಡದಲ್ಲಿ ಹೆಸರು ಬರೆದಳು.

ವಿದ್ಯುತ್ ಕಂಪನಿಗೆ ಜೀವರಕ್ಷಕ ಯಂತ್ರ ಇರುವ ಮನೆ ಎಂದು ನೋಂದಣಿ ಮಾಡಿಸುವುದನ್ನು ಮರೆಯಬಾರದು. ನೋಂದಾಯಿಸಿದ ಮನೆಗೆ, ಮೊದಲೇ ಗೊತ್ತಿರುವ ದುರಸ್ತಿಗಾಗಿ ವಿದ್ಯುತ್ ತೆಗೆಯುವುದಾದರೆ ಕನಿಷ್ಠ ನಾಲ್ಕು ಕೆಲಸದ ದಿನ ಮುಂಚಿತವಾಗಿ ಬರಹದಲ್ಲಿ ತಿಳಿಸಬೇಕೆಂಬ ನಿಯಮವಿದೆ. ಅರ್ಹತೆ ಇರುವವರಿಗೆ ವಿದ್ಯುತ್, ನೀರಿನ ಬಿಲ್ಲಿನಲ್ಲಿ ರಿಯಾಯಿತಿಯೂ ವಿಕ್ಟೋರಿಯದಲ್ಲಿದೆ.

ನೀರು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಾವು ದಿನಕ್ಕೆ ಎರಡು ಲೀಟರಿನಂತೆ ವಾರಕ್ಕೆ ಹದಿನಾಲ್ಕು ಲೀಟರ್ ನೀರು ಕುಡಿಯಬಹುದು. ಅದು ಕರುಳನ್ನು ದಾಟಿ ರಕ್ತ ಸೇರಬೇಕು, ಬೇಡದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿ ನೀರಿನಿಂದ ತಯಾರಾದ ದ್ರಾವಣ ನಿಮಿಷಕ್ಕೆ 500 ಮಿಲಿಲೀಟರ್ ಹರಿದರೆ ಐದು ಗಂಟೆಗೆ 150 ಲೀಟರ್. ದಿನ ಬಿಟ್ಟು ದಿನ ಮಾಡುವವರಿಗೆ ವಾರಕ್ಕೆ 500 ಲೀಟರಿಗೂ ಹೆಚ್ಚು. ಇಷ್ಟು ನೀರು ರಕ್ತದಿಂದ ಒಂದು ತೆಳುವಾದ ಪೊರೆಯಷ್ಟೇ ದೂರದಲ್ಲಿ ಹರಿಯುತ್ತದೆ, ತಪ್ಪಿ ಒಳಬಂದದ್ದನ್ನು ಹೊರಹಾಕಲು ಮೂತ್ರಪಿಂಡವೂ ಇಲ್ಲ. ಕುಡಿಯಲು ಯೋಗ್ಯವಾದ ನೀರು ಡಯಾಲಿಸಿಸ್‌ಗೆ ಯೋಗ್ಯವಲ್ಲ ಎಂಬುದು ಇದರಿಂದ.

ನಲ್ಲಿ ನೀರಿನಲ್ಲಿ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್, ಕ್ಲೋರಮೈನ್‌ಗಳು ಈ ದಾರಿಯಲ್ಲಿ ಒಳಬಂದರೆ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. 1970ರ ದಶಕದಲ್ಲಿ ನೀರಿನ ಅಲ್ಯೂಮಿನಿಯಂನಿಂದ ಡಯಾಲಿಸಿಸ್ ರೋಗಿಗಳ ಮಿದುಳಿಗೇ ಹಾನಿಯಾದ ಪ್ರಕರಣಗಳು ಬೆಳಕಿಗೆ ಬಂದಿದ್ದವು. ಆರ್‌ಒ ಇದೆಯಲ್ಲ ಎಂದು ಅವರು ಕೇಳಿದರು. ಆರ್‌ಒ ಪೊರೆ ಲವಣಗಳನ್ನು, ಲೋಹಗಳನ್ನು, ರೋಗಾಣುಗಳನ್ನು ತಡೆಯುತ್ತದೆ. ಕ್ಲೋರಮೈನನ್ನು ನಂಬಿಕೆಗೆ ತಕ್ಕಂತೆ ತಡೆಯುವುದಿಲ್ಲ, ಕ್ಲೋರಿನ್ನಿನಿಂದ ಆ ಪೊರೆಯೇ ಹಾಳಾಗುತ್ತದೆ. ಇವೆರಡನ್ನೂ ಹಿಡಿಯುವುದು ಆರ್‌ಒಗಿಂತ ಮುಂಚೆ ಕೂರಿಸುವ ಇದ್ದಿಲಿನ ಫಿಲ್ಟರ್. ಅದರ ಶಕ್ತಿ ತೀರಿದ್ದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಪ್ರತಿ ಸಲವೂ, ಸೂಜಿ ಹಾಕಿಕೊಳ್ಳುವ ಮೊದಲು, ನೀರಿನ ಮಾದರಿ ತೆಗೆದು ಒಟ್ಟು ಕ್ಲೋರಿನ್ ಪರೀಕ್ಷೆ ಮಾಡಬೇಕು. ಲೀಟರಿಗೆ 0.1 ಮಿಲಿಗ್ರಾಂ ಮೀರಿದರೆ ಅಂದು ಡಯಾಲಿಸಿಸ್ ಇಲ್ಲ. ಇದಕ್ಕೆ ವಿನಾಯಿತಿ ಇಲ್ಲವೆಂದು ನಾನು ಹೇಳಿದಾಗ ಅವರು ಅದನ್ನು ತಮ್ಮದೇ ಹಾಳೆಯ ಮೊದಲ ಸಾಲಾಗಿ ಬರೆದುಕೊಂಡರು.

ಆರ್‌ಒ ಶುದ್ಧ ಮಾಡುವಾಗ ಬೇರ್ಪಟ್ಟು ಹೊರಬರುವ ನೀರಿನ ಬಗ್ಗೆಯೂ ಹೇಳಬೇಕು. ಅದು ರೋಗಿಯನ್ನು ಮುಟ್ಟಿದ ನೀರಲ್ಲ, ಲವಣ ತುಸು ಹೆಚ್ಚಿರುವ ನಲ್ಲಿ ನೀರು ಅಷ್ಟೇ. ಮೆಲ್ಬರ್ನ್‌ಗೆ ಹತ್ತಿರದ ಜೀಲಾಂಗ್‌ನಲ್ಲಿ ಡಾ. ಜಾನ್ ಅಗಾರ್ ಅವರ ತಂಡ ಇದನ್ನು ಚರಂಡಿಗೆ ಬಿಡದೆ ತೋಟಕ್ಕೆ, ಶೌಚಾಲಯಕ್ಕೆ, ಬಟ್ಟೆ ಒಗೆಯಲು ಬಳಸಬಹುದೆಂದು ಮಾಡಿ ತೋರಿಸಿದೆ. ಈ ಮನೆಯಲ್ಲಿ ಹಿತ್ತಲಿನ ತೊಟ್ಟಿಗೆ ಕೊಳವೆ ಕೊಟ್ಟರು. ಕುಂಡದ ಕರಿಬೇವಿಗೆ, ಮೆಂತ್ಯ ಸೊಪ್ಪಿನ ಮಡಿಗೆ ಈಗ ಅದೇ ನೀರು. ಡಯಾಲೈಸರ್ ದಾಟಿ ಬಂದ ದ್ರಾವಣ ಮಾತ್ರ ನೇರ ಒಳಚರಂಡಿಗೆ. ಈ ಎರಡನ್ನು ಬೆರೆಸಬಾರದು.

ತರಬೇತಿ

ವಾರಕ್ಕೆ ಮೂರು ದಿನ ಅವರ ಡಯಾಲಿಸಿಸ್ ನಮ್ಮ ಘಟಕದಲ್ಲೇ ನಡೆಯುತ್ತದೆ, ಅದೇ ಪಾಠ. ಆರು ವಾರಗಳಲ್ಲಿ ಮುಗಿಸುವವರಿದ್ದಾರೆ, ಮೂರು ತಿಂಗಳು ಬೇಕಾದವರಿದ್ದಾರೆ. ಬೇಗ ಮುಗಿಸಿದವರೇ ಜಾಣರು ಎಂಬ ಎಣಿಕೆ ನಮ್ಮಲ್ಲಿಲ್ಲ. ಇವರು ಸುಮಾರು ಎರಡೂವರೆ ತಿಂಗಳು ತೆಗೆದುಕೊಂಡರು.

ಯಂತ್ರದ ಭಾಗ ಅವರಿಗೆ ಕಷ್ಟವಾಗಲಿಲ್ಲ. ಗೋದಾಮಿನಲ್ಲಿ ಸರಕಿನ ಪಟ್ಟಿ ಹಿಡಿದು ಒಂದೊಂದನ್ನೇ ಗುರುತು ಹಾಕುತ್ತಾ ಹೋಗುವ ಅಭ್ಯಾಸ ಇಲ್ಲಿ ನೆರವಾಯಿತು. ಲೈನ್ ಕೂರಿಸುವುದು, ಸಲೈನ್ ಹರಿಸಿ ಗಾಳಿ ತೆಗೆಯುವುದು, ನೀರು ತೆಗೆಯುವ ಗುರಿ ಹಾಕುವುದು, ಗಂಟೆಗೊಮ್ಮೆ ಒತ್ತಡಗಳನ್ನು ಬರೆದಿಡುವುದು, ಮುಗಿದ ಮೇಲೆ ರಕ್ತವನ್ನು ಹಿಂದಿರುಗಿಸಿ ಯಂತ್ರವನ್ನು ಸೋಂಕುರಹಿತಗೊಳಿಸುವುದು, ಇವೆಲ್ಲ ನಾಲ್ಕನೆಯ ವಾರಕ್ಕೆ ಕೈಗೆ ಹತ್ತಿದವು.

ಸೂಜಿ ಹತ್ತಲಿಲ್ಲ. ಕೇಂದ್ರದಲ್ಲಿದ್ದಷ್ಟು ಕಾಲವೂ ದಾದಿಯರು ಚುಚ್ಚುವಾಗ ಅವರು ಮುಖ ತಿರುಗಿಸಿಕೊಂಡೇ ಇದ್ದವರು. ತಮ್ಮ ಫಿಸ್ಟುಲಾವನ್ನೇ ಸರಿಯಾಗಿ ನೋಡಿರಲಿಲ್ಲ. ನಾವು ಕೊನೆಯಿಂದ ಶುರುಮಾಡಿದೆವು. ಮೊದಲು ಫಿಸ್ಟುಲಾದ ಮೇಲೆ ಬೆರಳಿಟ್ಟು ಅದರ ಕಂಪನವನ್ನು ದಿನಾ ಗಮನಿಸುವುದು. ಅದು ನಿಂತರೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ, ಕೂಡಲೇ ಫೋನ್ ಮಾಡಬೇಕು. ಆಮೇಲೆ, ಡಯಾಲಿಸಿಸ್ ಮುಗಿದಾಗ ಪಟ್ಟಿ ಬಿಚ್ಚುವುದು. ಆಮೇಲೆ, ನಾನು ಸೂಜಿ ತೆಗೆದ ಜಾಗವನ್ನು ಅವರೇ ಒತ್ತಿ ಹಿಡಿಯುವುದು. ಮುಂದಿನ ವಾರ ಸೂಜಿಯನ್ನು ಅವರೇ ಹೊರಗೆಳೆಯುವುದು. ಹೊರಗೆಳೆಯಬಲ್ಲ ಕೈಗೆ ಒಳಗೆ ಹಾಕುವ ಧೈರ್ಯ ನಿಧಾನವಾಗಿ ಬರುತ್ತದೆ.

ಅವರ ಫಿಸ್ಟುಲಾದಲ್ಲಿ ಚುಚ್ಚಲು ಸಿಗುವ ಭಾಗ ಗಿಡ್ಡ. ಆದ್ದರಿಂದ ಬಟನ್‌ಹೋಲ್ ಕ್ರಮ ಆರಿಸಿದೆವು. ಒಬ್ಬರೇ ದಾದಿ, ಅದೇ ಜಾಗದಲ್ಲಿ, ಅದೇ ಕೋನದಲ್ಲಿ, ಅದೇ ಆಳಕ್ಕೆ ಸತತವಾಗಿ ಚೂಪು ಸೂಜಿ ಹಾಕುತ್ತಾ ಬಂದರೆ ಕಿವಿ ಚುಚ್ಚಿಸಿದ ರಂಧ್ರದಂತೆ ಒಂದು ದಾರಿ ಗಟ್ಟಿಯಾಗುತ್ತದೆ. ಆಮೇಲೆ ಮೊಂಡು ಸೂಜಿ ಅದರಲ್ಲಿ ಜಾರಿಹೋಗುತ್ತದೆ, ನೋವೂ ಕಡಿಮೆ. ಆದರೆ ಸೋಂಕಿನ ಅಪಾಯ ಇದರಲ್ಲಿ ಹೆಚ್ಚು. ಹಿಂದಿನ ಸಲದ ಹಕ್ಕಳೆಯನ್ನು ನೆನೆಸಿ ಪೂರ್ತಿಯಾಗಿ ತೆಗೆಯದೆ ಸೂಜಿ ಹಾಕಿದರೆ ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಎಂಬ ರೋಗಾಣು ನೇರ ರಕ್ತಕ್ಕೆ ಹೋಗುತ್ತದೆ. ಕೈ ತೊಳೆಯುವುದು, ತೋಳು ತೊಳೆಯುವುದು, ಒರೆಸುವುದು, ಹಕ್ಕಳೆ ತೆಗೆಯುವುದು, ಮತ್ತೆ ಒರೆಸುವುದು. ಈ ಕ್ರಮದಲ್ಲಿ ಆತುರ ತೋರಿಸಿದವರನ್ನು ನಾನು ಮನೆಗೆ ಕಳಿಸುವುದಿಲ್ಲ.

ಆರನೆಯ ವಾರದ ಒಂದು ದಿನ ಅವರು ಮೊಂಡು ಸೂಜಿಯನ್ನು ತಾವೇ ಹಾಕಿಕೊಂಡರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ. ತರಬೇತುದಾರರಿಗೆ ಇದು ನಿಯಮ, ಸಹಾಯಕ್ಕೆ ಕೈ ತಾನಾಗಿ ಮುಂದೆ ಹೋಗಬಾರದು. ಎರಡನೆಯ ಸೂಜಿಯೂ ಸರಿಯಾಗಿ ಕೂತ ಮೇಲೆ ಹೆಂಡತಿಯ ಕಡೆ ತಿರುಗಿ “ನೀನು ಇನ್ನು ಮನೆಗೆ ಹೋಗಬಹುದು” ಎಂದರು. ಆಕೆ ಅತ್ತರು. ಮುಂದಿನ ವಾರದಿಂದ ಆಕೆ ತಮ್ಮ ಐದು ಪಾಠಗಳಿಗೆ ಬಿಟ್ಟು ಬೇರೆ ದಿನ ಬರಲಿಲ್ಲ, ಕೆಲಸಕ್ಕೆ ಹೋದರು.

ಉಳಿದ ವಾರಗಳು ಅಪಾಯಗಳ ಅಭ್ಯಾಸಕ್ಕೆ. ನನ್ನ ಪ್ರಕಾರ ಮೊದಲ ಸ್ಥಾನ ಸೂಜಿ ಕಳಚಿಕೊಳ್ಳುವುದಕ್ಕೆ. ಪಂಪು ನಿಮಿಷಕ್ಕೆ 300 ಮಿಲಿಲೀಟರ್ ರಕ್ತ ಎಳೆಯುತ್ತಿರುತ್ತದೆ. ರಕ್ತ ಹಿಂದಿರುಗುವ ಸೂಜಿ ಜಾರಿ ಹೊರಬಂದರೆ ಐದು ನಿಮಿಷದಲ್ಲಿ ಒಂದೂವರೆ ಲೀಟರ್ ನೆಲಕ್ಕೆ ಹೋಗಬಹುದು. ದೊಡ್ಡವರ ದೇಹದಲ್ಲಿ ಇರುವುದೇ ಸುಮಾರು ಐದು ಲೀಟರ್. ಯಂತ್ರದ ಒತ್ತಡದ ಅಲಾರಂ ಎಲ್ಲ ಸಲವೂ ಇದನ್ನು ಹಿಡಿಯುತ್ತದೆಂದು ನಂಬಬಾರದು. ಹಾಗಾಗಿ ಪಟ್ಟಿ ಕಟ್ಟುವ ಕ್ರಮ ಕಡ್ಡಾಯ, ಲೈನ್ ಎಳೆದುಕೊಳ್ಳದಂತೆ ಸಡಿಲ ಸುತ್ತು ಬಿಡಬೇಕು, ತೇವ ಸೋಕಿದರೆ ಕೂಗುವ ಸೆನ್ಸರ್ ತೋಳಿಗೆ ಇರಲೇಬೇಕು, ತೋಳು ಕಂಬಳಿಯ ಹೊರಗಿರಬೇಕು. ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ಈ ಕೊನೆಯದು ಹೇಳುವಷ್ಟು ಸುಲಭವಲ್ಲ. ಅವರ ತಾಯಿ ಊರಿನಿಂದ ಎಡತೋಳು ಮಾತ್ರ ಇಲ್ಲದ ಉಣ್ಣೆಯ ಸ್ವೆಟರ್ ಹೆಣೆದು ಕಳಿಸಿದರು.

ಗಾಳಿ ಲೈನಿಗೆ ಹೋದರೆ ಕ್ಲಾಂಪ್ ಹಾಕಿ, ಎಡಮಗ್ಗುಲಾಗಿ ತಲೆ ತಗ್ಗಿಸಿ ಮಲಗುವುದು; ಬೆವರಿ ಕಣ್ಣು ಕತ್ತಲಿಟ್ಟರೆ ನೀರು ತೆಗೆಯುವುದನ್ನು ನಿಲ್ಲಿಸಿ ಸಲೈನ್ ಬಿಡುವುದು; ವಿದ್ಯುತ್ ಹೋದರೆ ಪಂಪನ್ನು ಕೈಯಿಂದ ತಿರುಗಿಸಿ ರಕ್ತ ಹಿಂದಿರುಗಿಸುವುದು. ಇವನ್ನು ಹೇಳಿ ಬಿಡಲಿಲ್ಲ. ಹೇಳದೆ ಕೇಳದೆ ಯಂತ್ರದ ಸ್ವಿಚ್ ಆರಿಸಿದೆವು.

ಮನೆಯಲ್ಲಿ

ಮೊದಲ ಕೆಲವು ಡಯಾಲಿಸಿಸ್‌ಗಳಿಗೆ ನಾನು ಅವರ ಮನೆಗೆ ಹೋಗಿ ಕುಳಿತೆ. ಘಟಕದಲ್ಲಿ ಸಲೀಸಾಗಿ ಮಾಡಿದವರ ಕೈ ಮನೆಯಲ್ಲಿ ನಡುಗುವುದು ಸಹಜ. ಬೆಳಕು ಬೇರೆ ಕಡೆಯಿಂದ ಬೀಳುತ್ತದೆ, ಮೇಜು ಎಡಕ್ಕಿದ್ದದ್ದು ಬಲಕ್ಕಿರುತ್ತದೆ. ಒಂದು ದೀಪ ಸರಿಸಿದೆವು, ಗಡಿಯಾರ ಕಣ್ಣಿಗೆ ಕಾಣುವ ಕಡೆ ತೂಗುಹಾಕಿದೆವು. ಆಮೇಲೆ ನಾನು ಹೋಗಲಿಲ್ಲ. ಹಗಲಿರುಳು ಕರೆ ಮಾಡಬಹುದಾದ ಒಂದು ಸಂಖ್ಯೆ ಅವರ ಬಳಿ ಇದೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ.

ಊಟದಲ್ಲಿ ಕಂಡ ಬದಲಾವಣೆ ಆ ಮನೆಗೆ ದೊಡ್ಡ ಸಂತೋಷ. ಕೇಂದ್ರದ ದಿನಗಳಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಭಯಕ್ಕೆ ಸೊಪ್ಪಿನ ಸಾರು ನಿಂತಿತ್ತು, ಆಲೂಗಡ್ಡೆಯನ್ನು ಎರಡು ನೀರಿನಲ್ಲಿ ಬೇಯಿಸಿ ಬಸಿಯುತ್ತಿದ್ದರು, ಎಳನೀರು ಮನೆಯೊಳಗೇ ಬರುತ್ತಿರಲಿಲ್ಲ. ದಿನ ಬಿಟ್ಟು ದಿನ, ಹೆಚ್ಚು ಹೊತ್ತು ಡಯಾಲಿಸಿಸ್ ಆಗತೊಡಗಿದ ಮೇಲೆ ಆಹಾರತಜ್ಞರು ರಕ್ತದ ವರದಿ ನೋಡಿ ಒಂದೊಂದಾಗಿ ಸಡಿಲಿಸಿದರು. ಮುದ್ದೆ, ಸೊಪ್ಪಿನ ಸಾರು ವಾರಕ್ಕೆರಡು ಸಲ ಮರಳಿದವು. ಎಳನೀರಿಗೆ ಮಾತ್ರ ಇನ್ನೂ ಅನುಮತಿ ಇಲ್ಲ. ಇದನ್ನು ಓದಿ ಕೇಂದ್ರದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆಯುವವರು ಪಥ್ಯ ಬಿಡಬಾರದು. ಸಡಿಲಿಕೆ ಬಂದಿರುವುದು ಹೆಚ್ಚಿದ ಗಂಟೆಗಳಿಂದ.

ಬೇಸಿಗೆಯ ಒಂದು ಸಂಜೆ, ಬಿರುಗಾಳಿಗೆ ಇಡೀ ಬಡಾವಣೆಯ ವಿದ್ಯುತ್ ಹೋಯಿತು. ಡಯಾಲಿಸಿಸ್ ಶುರುವಾಗಿ ಎರಡು ಗಂಟೆ ಆಗಿತ್ತು. ಆಕೆ ಮಗನನ್ನು ಈಜಿನಿಂದ ಕರೆತರಲು ಹೋಗಿದ್ದರು, ಮಗಳು ತನ್ನ ಕೋಣೆಯಲ್ಲಿದ್ದಳು. ಯಂತ್ರದ ಬ್ಯಾಟರಿ ರಕ್ತದ ಪಂಪನ್ನು ಸ್ವಲ್ಪ ಹೊತ್ತು ನಡೆಸುತ್ತದೆ, ಹೊಸ ದ್ರಾವಣ ಕಾಯಿಸಿ ಹರಿಸಲು ಅದರಿಂದಾಗದು. ಅವರು ಕುರ್ಚಿಗೆ ಕಟ್ಟಿದ್ದ ಟಾರ್ಚ್ ಹಾಕಿಕೊಂಡರು, ಹತ್ತು ನಿಮಿಷ ಕಾದರು, ವಿದ್ಯುತ್ ಬರಲಿಲ್ಲ. ಸಲೈನ್ ಲೈನ್ ತೆರೆದು ಬ್ಯಾಟರಿ ಇರುವಾಗಲೇ ರಕ್ತ ಹಿಂದಿರುಗಿಸಲು ಶುರುಮಾಡಿದರು. ನಡುವೆ ಬ್ಯಾಟರಿ ತೀರಿತು. ಉಳಿದದ್ದನ್ನು ಪಂಪಿನ ಹಿಡಿಕೆ ತಿರುಗಿಸಿ, ಗಾಳಿಗುಳ್ಳೆಯ ಮೇಲೆ ಕಣ್ಣಿಟ್ಟು ಮುಗಿಸಿದರು. ಸೂಜಿ ತೆಗೆದು, ಒತ್ತಿ ಹಿಡಿದು, ಆಮೇಲೆ ನಮಗೆ ಫೋನ್ ಮಾಡಿದರು. ಮರುದಿನ ಪೂರ್ತಿ ಅವಧಿಯ ಡಯಾಲಿಸಿಸ್ ಮಾಡಿಕೊಳ್ಳುವಂತೆ ಹೇಳಿದೆವು. ಚುಚ್ಚುವುದನ್ನೂ ಯಂತ್ರವನ್ನೂ ಆಕೆಯೊಬ್ಬರಿಗೇ ಕಲಿಸಿದ್ದರೆ ಆ ಸಂಜೆ ಆ ಕುರ್ಚಿಯಲ್ಲಿ ಏನಾಗುತ್ತಿತ್ತು ಎಂದು ನಾನು ಹೊಸ ಕುಟುಂಬಗಳನ್ನು ಕೇಳುತ್ತೇನೆ.

ಕರ್ನಾಟಕದ ಓದುಗರಿಗೆ

ಇಲ್ಲಿಯ ವ್ಯವಸ್ಥೆಯನ್ನು ಬೆಂಗಳೂರಿಗೋ ಹಾಸನಕ್ಕೋ ಹಾಗೆಯೇ ಎತ್ತಿಡಲು ಆಗದು. ಭಾರತದಲ್ಲಿ 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಡಯಾಲಿಸಿಸ್ ಕೇಂದ್ರಗಳನ್ನು ಜನರ ಹತ್ತಿರಕ್ಕೆ ತಂದಿದೆ. ನಗರಗಳಲ್ಲಿ ಮನೆಗೇ ಬಂದು ಡಯಾಲಿಸಿಸ್ ಮಾಡಿಕೊಡುವ ತಂತ್ರಜ್ಞರ ಸೇವೆಯೂ ಇದೆ. ಆದರೆ ತಂತ್ರಜ್ಞರು ಬಂದು ಮಾಡುವುದಕ್ಕೂ ರೋಗಿ ತಾನೇ ಕಲಿತು ಮಾಡುವುದಕ್ಕೂ ಬಹಳ ಅಂತರ. ಯಾರಾದರೂ ಈ ದಾರಿಯನ್ನು ಯೋಚಿಸುತ್ತಿದ್ದರೆ ಮೊದಲು ಕೇಳಬೇಕಾದ್ದು ನೀರಿನ ಬಗ್ಗೆ. ಕೊಳವೆಬಾವಿಯ ಗಡಸು ನೀರಿಗೆ ಆರ್‌ಒಗಿಂತ ಮುಂಚೆ ಸಾಫ್ಟನರ್ ಬೇಕು. ಒಂದು ದಿನ ಕಾವೇರಿ, ಇನ್ನೊಂದು ದಿನ ಟ್ಯಾಂಕರ್ ಬರುವ ಮನೆಯಲ್ಲಿ ನೀರಿನ ಗುಣ ದಿನದಿನಕ್ಕೂ ಬದಲಾಗುತ್ತದೆ. ಪರೀಕ್ಷೆ ಯಾರು ಮಾಡುತ್ತಾರೆ, ಎಷ್ಟು ಸಲ, ವರದಿ ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ತಡವರಿಸಿದರೆ ಬೇಡ. ಹೊಟ್ಟೆಯ ಪೊರೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಆರ್‌ಒ ಬೇಡ, ರಕ್ತ ಹೊರಗೆ ಬರುವುದಿಲ್ಲ, ಕೈಯಿಂದಲೇ ಮಾಡಿಕೊಂಡರೆ ವಿದ್ಯುತ್ತೂ ಬೇಕಿಲ್ಲ. ಕೇಂದ್ರದಿಂದ ದೂರವಿರುವ ಹಳ್ಳಿಯವರು ತಮ್ಮ ವೈದ್ಯರನ್ನು ಅದರ ಬಗ್ಗೆ ಕೇಳಲೇಬೇಕು.

ಈಗಿನ ಸ್ಥಿತಿ

ಅವರು ಹಗಲು ಪಾಳಿಗೆ ಮರಳಿದ್ದಾರೆ. ದಿನ ಬಿಟ್ಟು ದಿನ ಸಂಜೆ ಐದು ಗಂಟೆ ಕಾಲ ಡಯಾಲಿಸಿಸ್. ರಕ್ತದೊತ್ತಡದ ಮೂರು ಮಾತ್ರೆಗಳಲ್ಲಿ ಎರಡನ್ನು ವೈದ್ಯರು ನಿಲ್ಲಿಸಿದ್ದಾರೆ. ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರಿದೆ. ರಾತ್ರಿ ನಿದ್ದೆಯಲ್ಲಿ ಎಂಟು ಗಂಟೆ ಮಾಡಿಕೊಳ್ಳುವ ಕ್ರಮಕ್ಕೆ ಹೋಗಬೇಕೆಂಬ ಆಸೆ ಅವರದು. ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಏಕೆಂದರೆ ಯಂತ್ರದ ಸದ್ದಿಗೆ ಆಕೆ ರಾತ್ರಿಯಿಡೀ ಎಚ್ಚರವಿರುತ್ತಾರೆ ಎಂಬುದು ನನಗೆ ಗೊತ್ತು. ಮುಂದಿನ ತಿಂಗಳು ಆಕೆ ಸಕಲೇಶಪುರದ ತವರಿಗೆ, ತಂಗಿಯ ಮಗಳ ಮದುವೆಗೆ, ಮೂರು ವಾರ ಹೋಗುತ್ತಿದ್ದಾರೆ. ಅಷ್ಟು ದಿನವೂ ಅವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಸಂಜೆ ಯಂತ್ರ ಹಾಕುವಾಗ ಒಮ್ಮೆ, ಸೂಜಿ ತೆಗೆದ ಮೇಲೆ ಒಮ್ಮೆ ನಮ್ಮ ಘಟಕಕ್ಕೆ ಫೋನ್ ಮಾಡಬೇಕು, ಪಕ್ಕದ ಮನೆಯವರ ಬಳಿ ಒಂದು ಬೀಗದ ಕೈ ಇರಬೇಕು ಎಂಬುದು ನಾವು ಹಾಕಿದ ಷರತ್ತು. ರಾತ್ರಿಯ ಡಯಾಲಿಸಿಸ್ ವಿಚಾರವನ್ನು ಆಕೆ ಮರಳಿದ ಮೇಲೆ ಮೂವರೂ ಕುಳಿತು ಮಾತನಾಡುವುದೆಂದು ನಿಗದಿಯಾಗಿದೆ.